ಹಜಾರದ ನಲ್ಲಿಯೂ ನನ್ನ ಷಡ್ಡಕನೂ

ಮನೆಯ ನಲ್ಲಿ ಸೋರಿದರೆ ಎಲ್ಲರಿಗೂ ನೀರಿನ ಚಿಂತೆ, ನನಗೆ ಹೊಟ್ಟೆಯುರಿ. ತೊಟ್ಟಿಕ್ಕುವ ಸದ್ದು ಕಿವಿಗೆ ಬಿದ್ದರೆ ಸಾಕು, ನನ್ನ ಹೆಂಡತಿ ಸರೋಜ, "ಭಾವಂಗೆ ಒಂದ್ ಮಾತು ಹೇಳಿ ಬನ್ರಿ" ಅನ್ನುತ್ತಾಳೆ. ಭಾವ ಎಂದರೆ ಅವಳ ಅಕ್ಕನ ಗಂಡ, ನನ್ನ ಷಡ್ಡಕ ರಾಮಾಂಜಿನಪ್ಪ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಪೈಪು, ಪಂಪು ನೋಡಿಕೊಳ್ಳುವವನು. ವಾಸ ಮಾತ್ರ ದೊಡ್ಡಬಳ್ಳಾಪುರದಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ. ಅದೇ ನನ್ನ ಗ್ರಹಚಾರ.

ಬೀದಿ ನಲ್ಲಿಯ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಅದು ಕೆಟ್ಟರೆ ಬೀದಿಯವರೆಲ್ಲ ಸೇರಿ ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಮನೆಯೊಳಗೆ ನಲ್ಲಿ ಬಂದ ಮೇಲೆ ಅದರ ಜೊತೆಗೆ ರಾಮಾಂಜಿಯೂ ಬಂದ. ಮೊಪೆಡ್ ನಿಲ್ಲಿಸಿ, ಪಾನಾ ಹಿಡಿದು, ಎರಡು ತಿರುವು ತಿರುವಿ ಎದ್ದು ನಿಲ್ಲುತ್ತಾನೆ. ಸರೋಜ ಅವನಿಗೆ ಗಟ್ಟಿ ಹಾಲಿನ ಕಾಫಿ ಕೊಟ್ಟು, "ಭಾವನ ಕೈ ಬಿದ್ರೆ ಮುಗೀತು ಬಿಡಿ" ಅನ್ನುತ್ತಾಳೆ. ಹಗಲೆಲ್ಲ ಮಗ್ಗದ ಮುಂದೆ ನಿಂತು ಸೀರೆ ನೇಯುವ ನನ್ನ ಕೈ ಅವಳಿಗೆ ಯಾವತ್ತೂ ಕಂಡಿಲ್ಲ.

ಸವತಿ ಮತ್ಸರದ ಮೇಲೆ ಪುರಾಣಗಳೇ ನಿಂತಿವೆ. ದಾಯಾದಿ ಮತ್ಸರಕ್ಕೆ ಯುದ್ಧಗಳೇ ನಡೆದಿವೆ. ಷಡ್ಡಕರ ಮತ್ಸರಕ್ಕೆ ಮಾತ್ರ ನಮ್ಮ ಕವಿಗಳು ಒಂದು ಸಾಲೂ ಖರ್ಚು ಮಾಡಿದಂತಿಲ್ಲ. ಬಹುಶಃ ಅವರ ಮನೆಗಳಲ್ಲಿ ನಲ್ಲಿ ಇರಲಿಲ್ಲ.

ಈ ಸಲ ಹಜಾರದ ನಲ್ಲಿಯ ಬುಡದಲ್ಲಿ ಸೋರಿಕೆ ಶುರುವಾದಾಗ, ಸರೋಜ ಬಾಯಿ ತೆರೆಯುವ ಮುಂಚೆಯೇ, "ಯಾರೂ ಬೇಡ, ನಾನೇ ಮಾಡ್ತೀನಿ" ಎಂದೆ. ನಮ್ಮಲ್ಲಿ ನೀರು ದಿನ ಬಿಟ್ಟು ದಿನ. ಅದು ಬಾರದ ದಿನ ಪೈಪು ಒಣಗಿರುವಾಗ ನಲ್ಲಿ ಬಿಚ್ಚಿದೆ. ಅದರ ತಿರುಪಿಗೆ ನೂಲು ಸುತ್ತಿ ಬಿಗಿಯಬೇಕು, ಅಷ್ಟೇ ತಾನೇ? ನೂಲು ಸುತ್ತುವುದನ್ನು ನೇಕಾರನಿಗೆ ಹೇಳಿಕೊಡಬೇಕೇ? ಮನೆಯಲ್ಲಿದ್ದ ನುಣುಪಾದ ಆರ್ಟ್ ಸಿಲ್ಕ್ ನೂಲು ತೆಗೆದುಕೊಂಡು, ಲಾಳಿಯ ಕಂಡಿಕೆಗೆ ಸುತ್ತಿದಷ್ಟೇ ಅಂದವಾಗಿ, ಕೈಗೆ ರೂಢಿಯಾದ ದಿಕ್ಕಿನಲ್ಲೇ ಸುತ್ತಿದೆ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ, ನಲ್ಲಿ ಹಾಕಿ ಮುಚ್ಚಲು ಮನಸ್ಸೇ ಬರಲಿಲ್ಲ.

ಮರುದಿನ ಬೆಳಿಗ್ಗೆ ನೀರು ಬಂತು. ನಲ್ಲಿಯಿಂದಲ್ಲ, ಬುಡದ ಸುತ್ತಲಿಂದ. ಸರೋಜ ಕೊಡಪಾನ ಒಡ್ಡಿದಳು, ನಾನು ಪಂಚೆ ಒತ್ತಿ ಹಿಡಿದೆ. ಕೊನೆಗೆ ಅವಳೇ ಓಡಿ ಹೋಗಿ ರಾಮಾಂಜಿಯನ್ನು ಕರೆತಂದಳು. ಅವನು ಹೊರಗಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ, ನಲ್ಲಿ ಕಳಚಿ, ಜೋತಾಡುತ್ತಿದ್ದ ನೂಲನ್ನು ನೋಡಿ, "ಏನಪ್ಪಾ, ನಲ್ಲಿಗೂ ಸೀರೆ ಉಡಿಸ್ಬಿಟ್ಟಿದ್ದೀಯ" ಅಂದ. "ನುಣುಪು ನೂಲು ಹಿಡಿಯಲ್ಲ. ಅದೂ ಉಲ್ಟಾ ಸುತ್ತಿದ್ದೀಯ. ನೀನು ಬಿಗಿ ಮಾಡ್ದಂಗೆಲ್ಲ ಅದು ಬಿಚ್ಕೊಂಡಿದೆ." ಒರಟು ಹತ್ತಿ ನೂಲಿಗೆ ಸೋರದಂತೆ ಬಣ್ಣ ಸವರಿ, ಬಿಗಿಯುವ ದಿಕ್ಕಿಗೇ ಸುತ್ತಿ ಕೂರಿಸಿದ. ಸರೋಜ ನಕ್ಕಳು. ಕಾಫಿ ಅವತ್ತು ಇನ್ನೂ ಗಟ್ಟಿಯಾಗಿತ್ತು.

ಒಂದು ವಾರ ನಾನು ಅವನ ಮುಖ ನೋಡಲಿಲ್ಲ. ಆದರೆ ಒಂದು ಸಂಜೆ ಅರಿಶಿನ ಕುಂಕುಮದ ತಟ್ಟೆ ಕೊಡಲು ಅವರ ಮನೆಗೆ ಹೋಗಬೇಕಾಯಿತು. ಅವನು ಷಿಫ್ಟಿನಿಂದ ಇನ್ನೂ ಬಂದಿರಲಿಲ್ಲ. ಹಿತ್ತಲ ನಲ್ಲಿಗೆ ಹಳೆಯ ಲಂಗದ ಬಟ್ಟೆ ಕಟ್ಟಿತ್ತು, ಹಿಂದಿನ ದಿನ ಬಂದ ನೀರು ಅದರಿಂದಲೂ ಜಿನುಗಿ ಕೆಳಗಿನ ನೆಲ ಇನ್ನೂ ಒದ್ದೆಯಾಗಿತ್ತು. ಸರೋಜಳ ಅಕ್ಕ ನಿಟ್ಟುಸಿರು ಬಿಟ್ಟರು. "ಊರ್ನೋರ ನಲ್ಲಿಗೆಲ್ಲ ಇವರೇ. ನಮ್ಮದಕ್ಕೆ ನಾಳೆ ನಾಳೆ ಅಂತಾರೆ ಕಣಪ್ಪ."

ನನಗಾದ ಸಂತೋಷವನ್ನು ಬರೆಯಲು ನಾಚಿಕೆಯಾಗುತ್ತದೆ. ಅವರ ಮನೆಯ ಪಾನಾದಿಂದಲೇ ನಲ್ಲಿ ಬಿಚ್ಚಿ, ಹತ್ತಿ ನೂಲು ಕೇಳಿ, ಬಿಗಿಯುವ ದಿಕ್ಕಿಗೇ ಸುತ್ತಿ ಕೂರಿಸಿದೆ. ನೀರು ಬಂದಾಗ ಒಂದು ಹನಿಯೂ ಆಚೆ ಬರಲಿಲ್ಲವಂತೆ. ಅದನ್ನು ಹೇಳಲೆಂದೇ ಮರುದಿನ ಅಕ್ಕ ನಮ್ಮ ಮನೆಗೆ ಬಂದು, ಸರೋಜಳೆದುರಿಗೇ, "ನಿಮ್ಮನೆಯೋರ ಕೈ ಏನ್ ಕೈಯೇ. ಅದೃಷ್ಟವಂತೆ ಕಣೇ ನೀನು" ಎಂದು ಹೊಗಳಿ ಹೋದರು.

ಅಕ್ಕ ಬಾಗಿಲು ದಾಟಿದ ಮೇಲೆ ಸರೋಜ ಅಡುಗೆಮನೆಗೆ ಹೋದಳು. ಪಾತ್ರೆಗಳನ್ನು ಜೋರಾಗಿ ಇಟ್ಟಳು. ಆಮೇಲೆ ನನ್ನ ಮುಂದೆ ಕಾಫಿ ಕುಕ್ಕಿ, "ಅಕ್ಕನ ಮನೆ ನಲ್ಲಿ ಅಂದ್ರೆ ನಿಮ್ಗೆ ಕೈ ಚೆನ್ನಾಗಿ ಓಡುತ್ತೆ ಅಲ್ವಾ?" ಅಂದಳು.

ಆ ದನಿಯಲ್ಲಿದ್ದ ಉರಿ ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಒಬ್ಬನೇ ಹೊತ್ತದ್ದು. ನಾನು ನಿಧಾನವಾಗಿ, ತೊಟ್ಟು ತೊಟ್ಟಾಗಿ, ಆ ಕಾಫಿ ಕುಡಿದೆ.