ನಮ್ಮ ಹಿತ್ತಿಲನ್ನು ಕಂಡುಹಿಡಿದವರು

ಗಂಡಸರ ಅಂಗಿಯ ಕಾಲರಿನಲ್ಲಿ ಕೂರುವ ಕೊಳೆಗೆ ಇರುವ ಹಟ ನನ್ನ ಯಾವ ವ್ರತನಿಷ್ಠೆಗೂ ಇಲ್ಲವೆಂಬುದು ಇಪ್ಪತ್ತೆರಡು ವರ್ಷ ಬಟ್ಟೆ ಒಗೆದ ಅನುಭವದ ಮಾತು. ಅಂದು ಬೆಳಿಗ್ಗೆಯೂ ಲಕ್ಷ್ಮೀಪುರಂನ ನಮ್ಮ ಹಿತ್ತಿಲಿನಲ್ಲಿ, ನಲ್ಲಿಯ ನೀರು ನಿಲ್ಲುವ ಮೊದಲೇ ಮುಗಿಸುವ ಆತುರದಿಂದ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದೆ. ಪತ್ರಿಕೆ ಹಿಡಿದು ಬಂದ ಯಜಮಾನರು, ರಷ್ಯಾದವನೊಬ್ಬ ಅಂತರಿಕ್ಷಕ್ಕೆ ಹಾರಿ ಇಡೀ ಭೂಮಿಯನ್ನು ಒಂದು ಸುತ್ತು ಹಾಕಿ ಬಂದನಂತೆ ಎಂದು, ತಾವೂ ಅವನ ಜೊತೆಗೆ ಹೋಗಿ ಈಗಷ್ಟೇ ಇಳಿದವರಂತೆ ಏದುಸಿರು ಬಿಡುತ್ತ ಹೇಳಿದರು. ಕ್ಷೇಮವಾಗಿ ಇಳಿದನಲ್ಲ, ಅವನ ತಾಯಿಯ ಹೊಟ್ಟೆ ತಣ್ಣಗಿರಲಿ ಎಂದೆ. ನಲ್ಲಿಯಲ್ಲಿ ನೀರಿನ್ನೂ ಬರುತ್ತಿತ್ತು. ಅದೂ ದೇವರ ದಯೆಯೇ.

ಅನ್ವೇಷಕರೆಂದರೆ ನಮ್ಮವರಿಗೆ ಪ್ರಾಣ. ಹಡಗೇರಿ ಹೋಗಿ ಹೊಸ ದೇಶಗಳನ್ನು ಕಂಡುಹಿಡಿದವರ ಸಾಹಸವನ್ನು ಅವರು ಊಟದ ಎಲೆಯ ಮುಂದೆ ವರ್ಣಿಸತೊಡಗಿದರೆ ಬಡಿಸಿದ ಹುಳಿ ಆರಿ ಕೆನೆಗಟ್ಟುತ್ತದೆ. ಆ ದೇಶಗಳಲ್ಲಿ ಆಗಲೇ ಜನ ಒಲೆ ಹಚ್ಚಿ ಗಂಜಿ ಕಾಯಿಸಿಕೊಳ್ಳುತ್ತಿದ್ದರಲ್ಲವೇ, ಹಾಗಾದರೆ ದಾರಿ ತಪ್ಪಿದ್ದವರು ಯಾರು ಎಂದು ಒಮ್ಮೆ ಕೇಳಿದ್ದಕ್ಕೆ, ಚರಿತ್ರೆ ನನ್ನಂಥವಳ ಬುದ್ಧಿಗೆ ದಕ್ಕುವಂಥದಲ್ಲವೆಂದರು. ನಾನು ಮಜ್ಜಿಗೆ ಬಡಿಸಿದೆ. ಆದರೆ ಈ ರಷ್ಯಾದವನ ಮೇಲೆ ನನಗೂ ಗೌರವ ಹುಟ್ಟಿತು. ಅವನು ಹೋದ ಕಡೆ ಯಾರೂ ಮೊದಲೇ ಬಂದು ಬಟ್ಟೆ ಒಗೆಯುತ್ತಿರಲಿಲ್ಲ, ನೋಡಿ.

ಸಡಗರ ಹಂಚಿಕೊಳ್ಳಲು ಪಕ್ಕದ ಬೀದಿಯ ನಿವೃತ್ತ ಚರಿತ್ರೆ ಮೇಷ್ಟ್ರು ಬಂದರು. ದಾರಿಯಲ್ಲಿ ಸಗಣಿ ತುಳಿದಿದ್ದರಿಂದ ಕಾಲು ತೊಳೆಯಲು ನೇರ ಹಿತ್ತಿಲಿಗೆ ಬಂದವರು ನನ್ನ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು.

"ಸಿಕ್ಬುಡ್ತು! ಸಿಕ್ಬುಡ್ತು ಕಣ್ರೀ!"

"ಏನ್ ಮೇಷ್ಟ್ರೇ, ಚೇಳಾ?"

"ಶಾಸನ ಕಣಮ್ಮ, ಶಾಸನ! ಸೋಪಿನ ನೊರೆ ಕೂತು ಅಕ್ಷರ ಎಲ್ಲಾ ಹೆಂಗೆ ಎದ್ದು ಕಾಣ್ತಿದೆ! ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿಲ್ವಲ್ಲ!"

"ನನ್ನ ಕಣ್ಣಿಗೆ ದಿನಾ ಬೀಳ್ತಿತ್ತಲ್ಲ. ಅದರ ಮೇಲೆ ಉಜ್ಜಿದ್ರೇನೇ ಕಾಲರಿನ ಕೊಳೆ ಬಿಡೋದು."

ನಮ್ಮ ಮಾವನವರು ಮನೆ ಕಟ್ಟಿಸುವಾಗ ಕಡಕೊಳದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದ ಚಪ್ಪಡಿ ಅದು. ಅದನ್ನು ವಸ್ತುಸಂಗ್ರಹಾಲಯಕ್ಕೆ ಒಯ್ಯಬೇಕೆಂದರು ಮೇಷ್ಟ್ರು. ಜನ್ಮದಲ್ಲಿ ಒಂದು ಕರ್ಚೀಫನ್ನೂ ಒಗೆಯದವರಿಗೆ ಸಹಜವಾದ ಔದಾರ್ಯದಿಂದ ಯಜಮಾನರು ಅಲ್ಲೇ ಒಪ್ಪಿದರು. ಆ ಓರೆ, ಆ ಒರಟು ಇನ್ನೊಂದು ಕಲ್ಲಿಗೆ ಎಲ್ಲಿಂದ ಬರಬೇಕು? ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡುವುದಿಲ್ಲವೆಂದು ಅಡ್ಡ ನಿಂತೆ.

"ಮೊದಲು ಏನು ಬರೆದಿದೆ ಅಂತ ಓದಿ ಹೇಳಿ."

ಮೇಷ್ಟ್ರು ಸೀಮೆಸುಣ್ಣ ಸವರಿ, ಕನ್ನಡಕ ಒರೆಸಿ, ತಡವರಿಸುತ್ತ ಓದಿದರು. ಯಾವುದೋ ಕಾಲದ ಒಬ್ಬ ಹೆಣ್ಣುಮಗಳು ದೇವರ ನಂದಾದೀಪಕ್ಕೆ ದಿನಕ್ಕೊಂದು ಸೊಲ್ಲಿಗೆ ಎಣ್ಣೆ ಬಿಟ್ಟಿದ್ದಳಂತೆ.

"ಅವಳ ಹೆಸರು?"

ಮೇಷ್ಟ್ರು ಕಲ್ಲಿನ ನಡುವೆ ಬೆರಳಿಟ್ಟರು. ಅಲ್ಲಿ ಅಂಗೈಯಂತೆ ನುಣುಪಾಗಿತ್ತು.

"ಅದೊಂದೇ ಇಲ್ಲ. ನೀವು ಬಡಿದು ಬಡಿದು ಸವೆಸಿಬುಟ್ಟಿದ್ದೀರಿ."

ಅವಳೂ ನನ್ನ ಹಾಗೆ ಒಗ್ಗರಣೆಯಲ್ಲಿ ಕೈ ಬಿಗಿಹಿಡಿದು ದೀಪಕ್ಕೆ ಎಣ್ಣೆ ಉಳಿಸಿದವಳಿರಬಹುದು. ಅಂಥವಳ ಹೆಸರನ್ನು ನಾನು, ಬಾಯಲ್ಲಿ ದೇವಿಯ ಸ್ತೋತ್ರ ಹೇಳಿಕೊಳ್ಳುತ್ತಲೇ, ದಿನವೂ ಅಷ್ಟಷ್ಟಾಗಿ ಒಗೆದು ಚರಂಡಿಗೆ ಬಿಟ್ಟಿದ್ದೆ. ಇನ್ನು ಅದರ ಮೇಲೆ ಬಟ್ಟೆ ಬಡಿಯುವುದುಂಟೇ? ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕಲ್ಲನ್ನು ತೊಳೆದು, ತೆಗೆದುಕೊಂಡು ಹೋಗಿ ಎಂದೆ.

ಮೇಷ್ಟ್ರು ಪಡಸಾಲೆಯಲ್ಲಿ ಕೂತು ಪತ್ರಿಕೆಗೆ ವರದಿ ಬರೆದು ಗಟ್ಟಿಯಾಗಿ ಓದಿದರು. ಮೊದಲ ಸಾಲಿನಲ್ಲಿ ಕಂಡುಹಿಡಿದ ತಮ್ಮ ಹೆಸರು, ಎರಡನೆಯದರಲ್ಲಿ ಕಲ್ಲಿನ ಒಡೆಯರೆಂದು ನಮ್ಮವರ ಹೆಸರು. ಕೊನೆಯಲ್ಲಿ, ದಾನಿಯ ಹೆಸರು ಆ ಮನೆಯ ಹೆಂಗಸಿನ ಅಜ್ಞಾನದಿಂದ ಅಳಿದುಹೋಗಿದೆ ಎಂಬ ವಿಷಾದ. ನಮ್ಮವರು ಗಂಭೀರವಾಗಿ ತಲೆದೂಗಿದರು.

"ಅಜ್ಞಾನ ಅಂತಲೇ ಇರಲಿ ಮೇಷ್ಟ್ರೇ, ಒಪ್ಕೋತೀನಿ," ಎಂದೆ. "ಆದರೆ ಯಾರ ಅಂಗಿ, ಯಾರ ಪಂಚೆ ಒಗೆದು ಅಳಿಸಿಹೋಯ್ತು ಅನ್ನೋದನ್ನೂ ಬರೀರಿ. ಅವರ ಹೆಸರೇನೂ ಸವೆದಿಲ್ಲ. ಎರಡನೇ ಸಾಲಲ್ಲೇ ಇದೆಯಲ್ಲ."

ನಾನು ಒಳಗೆ ಹೋಗಿ ಬೇಳೆ ಬೇಯಲಿಟ್ಟೆ.