ಶಿಕ್ಷೆಯ ಲೆಕ್ಕ ತಿದ್ದುವ ತಹಮೀನಾ

ಬೆಳಗಿನ ಆರೂವರೆ. ಸವಣೂರಿನ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ತಹಮೀನಾ ತೀರ್ಪಿನ ನಕಲೊಂದನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದಾರೆ. ಪಕ್ಕದಲ್ಲಿ ಚಹಾ ಆರುತ್ತಿದೆ. "ಕಳುವಿನ ಕತಿ ಎಲ್ಲಾರೂ ಓದ್ತಾರ್ರಿ. ಮನಶ್ಯಾ ಎಂದ ಹೊರಗ ಬರ್ತಾನ ಅನ್ನೂದು ಕಡೀ ಪುಟದಾಗ ಇರ್ತೈತಿ. ಅದನ್ನ ಯಾರೂ ಓದಂಗಿಲ್ಲ" ಎನ್ನುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ಕೋರ್ಟಿನ ಎದುರು ಟೈಪಿಂಗ್ ಇವರ ಕಸುಬು. ದಿನಕ್ಕೆ ನಲವತ್ತು ಪುಟ. ಎಡ ಮಣಿಕಟ್ಟಿಗೆ ಸದಾ ಪಟ್ಟಿ. ಹಾನಗಲ್ಲಿನಿಂದ ಹಿರೇಕೆರೂರಿನವರೆಗಿನ ವಕೀಲರ ಮೇಲ್ಮನವಿಗಳನ್ನು ಟೈಪಿಸುತ್ತಲೇ, ಕಳೆದ ಒಂದೇ ವರ್ಷದಲ್ಲಿ ಒಂಬತ್ತು ತೀರ್ಪುಗಳಲ್ಲಿ ಶಿಕ್ಷೆಯ ಲೆಕ್ಕ ತಪ್ಪಿದ್ದನ್ನು ಹಿಡಿದಿದ್ದಾರೆ. ವಾದಿಸಿದವರ ಹೆಸರು ಕಡತದಲ್ಲಿದೆ, ಹಿಡಿದವರದ್ದಿಲ್ಲ.

ರಟ್ಟೀಹಳ್ಳಿ ಕಡೆಯ ಹೊನ್ನವ್ವ ಇಂದು ಮೊದಲ ಬಸ್ಸಿಗೇ ಬಂದಿದ್ದಾರೆ. ಮಗ ಹುಚ್ಚಪ್ಪನಿಗೆ ಪಂಪ್‌ಸೆಟ್ ಕಳುವಿನಲ್ಲಿ ಎರಡು ವರ್ಷ ಶಿಕ್ಷೆ. ತೀರ್ಪಿಗೆ ಮೊದಲು ಜೈಲಿನಲ್ಲಿ ಕಳೆದ ದಿನಗಳನ್ನು ಅದರಲ್ಲಿ ಕಳೆಯಬೇಕು, ಅದು ಕಾನೂನು. ತೀರ್ಪು ಕಳೆದದ್ದು ಬರೀ ನಲವತ್ತೊಂದು ದಿನ.

"ನಾ ಅಮಾಸಿಗೊಮ್ಮೆ ಹೋಗಿ ನೋಡಿ ಬರ್ತಿದ್ನೆವ್ವಾ. ತೀರ್ಪು ಆಗೂದ್ರಾಗ ಹದಿನಾಕ ಅಮಾಸಿ ಆದವು" ಎನ್ನುತ್ತಾರೆ ಹೊನ್ನವ್ವ.

"ನಿಮಗ ಅಮಾಸಿ ಲೆಕ್ಕ, ನಮಗ ಚಾಂದ್ ಲೆಕ್ಕ. ಕೋರ್ಟಿನವರಿಗೆ ಎರಡೂ ಇಲ್ಲ ನೋಡ್ರಿ ಅಕ್ಕಾ" ಎನ್ನುತ್ತಾರೆ ತಹಮೀನಾ.

ಆದರೆ ಅಮಾವಾಸ್ಯೆ ಸಾಕ್ಷಿ ಹೇಳಲಾರದು. ಹದಿನೈದು ದಿನಕ್ಕೊಮ್ಮೆ ಬಂಧನ ಮುಂದುವರಿಸಿದ ಆದೇಶಗಳ ನಕಲು ತರಿಸಿ ತಹಮೀನಾ ಕೂಡಿಸಿದ್ದರು: ನಾನೂರ ಹದಿನೆಂಟು. ತೀರ್ಪಿನಲ್ಲಿ 418ರ ಕೊನೆಯ 8 ಬಿದ್ದುಹೋಗಿ 41 ಉಳಿದಿತ್ತು. ಬೀಳಿಸಲು ಒಂದು ಬೆರಳು ಸಾಕಾಯಿತು. ಎತ್ತಲು ಮೇಲ್ಮನವಿ, ವಕೀಲರು, ಹನ್ನೊಂದು ತಿಂಗಳು. ಅಷ್ಟರಲ್ಲಿ ಹುಚ್ಚಪ್ಪನ ನಿಜವಾದ ಶಿಕ್ಷೆ ಮುಗಿದು ಇಪ್ಪತ್ತಾರು ದಿನವಾಗಿದೆ. ಅವನಿನ್ನೂ ಒಳಗೇ ಇದ್ದಾನೆ.

ಮಧ್ಯಾಹ್ನ ಮೇಲಿನ ಕೋರ್ಟು ಲೆಕ್ಕ ತಿದ್ದಿ ಬಿಡುಗಡೆಗೆ ಆದೇಶಿಸುತ್ತದೆ. ಹೊನ್ನವ್ವ ಕೋರ್ಟಿನ ಮೆಟ್ಟಿಲ ಮೇಲೆಯೇ ಜೈಲಿನ ಕಡೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳುತ್ತಾರೆ. ಹೆಚ್ಚಾದ ದಿನಗಳ ಬಗ್ಗೆ ಆದೇಶದಲ್ಲಿ ಒಂದಕ್ಷರವಿಲ್ಲ. ಹುಚ್ಚಪ್ಪನ ವಕೀಲ ಚನ್ನೇಶ ಕೆಳಗಿನ ಕೋರ್ಟಿನ ಗುಮಾಸ್ತನೊಬ್ಬನ ಮೂಗುದನಿಯನ್ನು ಹಾಗೆಯೇ ಅಣಕಿಸಿ ತೋರಿಸುತ್ತಾರೆ: "ಟೈಪಿನ ತಪ್ಪು ಸಾರ್, ಯಾರ ತಪ್ಪೂ ಅಲ್ಲ."

ತಹಮೀನಾ ನಗುವುದಿಲ್ಲ. "ನಾ ಒಂದಂಕಿ ತಪ್ಪಿದ್ರ ಅರ್ಜಿ ಹೊಳ್ಳಿ ಕಳಸ್ತಾರ. ಅವರು ತಪ್ಪಿದ್ರ ಮನಶ್ಯಾನ್ನ ಒಳಗ ಇಟಗೋತಾರ. ಇದು ಯಾರ ತಪ್ಪೂ ಅಲ್ಲಂತ."

ಪತ್ರಿಕೆಯಲ್ಲಿ ನಿಮ್ಮ ಹೆಸರು ಬರುತ್ತದೆ ಎಂದರೆ ಮಣಿಕಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಹೇಳುತ್ತಾರೆ: "ನನ್ನ ಹೆಸರು ಬಿಟ್ರೂ ನಡೀತೈತ್ರಿ. ಆ ಇಪ್ಪತ್ತಾರ ದಿನ ಬಿಡಬ್ಯಾಡ್ರಿ."