ಕೂಸಿನ ನಮಸ್ಕಾರ

ನಮ್ಮ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿದ್ದ ಕಾಲ. ನಾನು ಮಡಕಶಿರದಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದೆ. ತವರಿನಲ್ಲಿ ಎಳೆಯ ಮಗು ಹೆಣ್ಣಾದರೂ ನಮಗೆ ‘ಮಗ’ವೇ, ಇಲ್ಲಿ ಅದು ‘ಕೂಸು’.

“ಹೆಣ್ಣು ಹುಟ್ಟಿದ್ರೂ ಮಗಾನೇನವಾ ನಿಮ್ಮೂರಾಗ? ಹಂಗಾದ್ರ ಎಲ್ಲಾರೂ ಅಲ್ಲೇ ಹೋಗಿ ಹಡೀಬೇಕು ಬಿಡು!” ಎಂದು ಅತ್ತೆ ಬಾವಿಕಟ್ಟೆಯ ಹೆಂಗಸರೆದುರು ನಗುವರು. ನಾನೂ ನಗುತ್ತಿದ್ದೆ.

ನಾದಿನಿಯ ಹೆರಿಗೆ ಕಷ್ಟವಾದಾಗ ಡಾಕ್ಟರ್ ದೊರೆಸಾನಿಯನ್ನು ಕರೆಸಿದರು. ಆಕೆ ಸ್ಕಾಟ್ಲೆಂಡಿನವರು, ಊರಿಗೆ ಹೊಸಬರು; ಕನ್ನಡವೂ ಬಾರದು, ತೆಲುಗೂ ಬಾರದು. ಮನೆಯಲ್ಲಿ ಇಂಗ್ಲಿಷ್ ಓದಿದವಳು ನಾನೊಬ್ಬಳೇ. ಅವರ ಮಾತನ್ನು ನಾನು ತಿಳಿಸಬೇಕಿತ್ತು.

ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಅಳಲಿಲ್ಲ. ಮೈ ನೀಲಿಗಟ್ಟಿತ್ತು. ನಾದಿನಿಗೆ ರಕ್ತ ನಿಲ್ಲುತ್ತಿರಲಿಲ್ಲ. ದೊರೆಸಾನಿ ಕೂಸನ್ನು ಅತ್ತೆಯ ಕೈಗಿಟ್ಟು ಬಾಣಂತಿಯ ಕಡೆ ತಿರುಗಿದರು. ತಿರುಗಿದಲ್ಲಿಂದಲೇ “ಬೇರ್ನ್! ಗ್ರೀಟ್! ಗ್ರೀಟ್!” ಎಂದು ಕೂಗಿದರು.

ಬೇರ್ನ್ ಎಂಬ ಮಾತನ್ನು ನಾನು ಕೇಳಿರಲಿಲ್ಲ. ಕೂಸಿನತ್ತ ಗದ್ದ ತೋರಿದ್ದರಿಂದ ಕೂಸೇ ಇರಬೇಕೆಂದುಕೊಂಡೆ. ಗ್ರೀಟ್ ಗೊತ್ತಿತ್ತು. ಶಾಲೆಯ ಪಾಠದಲ್ಲಿ ಅದಕ್ಕೆ ‘ವಂದಿಸು’ ಎಂಬ ಅರ್ಥ.

“ಅತ್ತೆ, ಮಗೀನ ಕೈಲಿ ನಮಸ್ಕಾರ ಮಾಡಿಸ್ಬೇಕಂತೆ,” ಎಂದೆ.

“ಕೂಸಿಗೆ ಉಸುರೇ ಬಂದಿಲ್ಲ, ಈ ದೊರೆಸಾನಿಗೆ ಕೈ ಮುಗೀಬೇಕಾ?” ಎಂದರು ಅತ್ತೆ. ಆದರೂ ಆ ಪುಟ್ಟ ಕೈಗಳನ್ನು ಜೋಡಿಸಿ ದೊರೆಸಾನಿಯತ್ತ ಹಿಡಿದರು. ಕೈಗಳಲ್ಲಿ ಬಲವಿರಲಿಲ್ಲ, ಬಿಟ್ಟೊಡನೆ ಜೋತುಬಿದ್ದವು.

ದೊರೆಸಾನಿ ಹೊರಳಿ ನೋಡಿ ಅಲ್ಲವೆಂದು ಜೋರಾಗಿ ತಲೆಯಾಡಿಸಿದರು. ಆಮೇಲೆ ಮುಖ ಕಿವಿಚಿ ಎಳೆಗೂಸಿನಂತೆ “ಉಂವ್ವಾ” ಎಂದು ಅತ್ತು ತೋರಿಸಿದರು.

“ಅಯ್ಯ ಹುಚ್ಚಿ! ಅಳಸ್ರಿ ಅಂತಾರ!” ಎಂದು ಅತ್ತೆ ಕೂಸಿನ ಅಂಗಾಲಿಗೆ ಬಡಿದರು. ಮತ್ತೆ ಬಡಿದರು. ಮೊದಲು ಬಿಕ್ಕಳಿಕೆಯಂಥದ್ದು ಬಂತು, ಬಳಿಕ ಸಣ್ಣ ಅಳು.

ರಕ್ತ ನಿಂತ ಮೇಲೆ ದೊರೆಸಾನಿ ಮಜ್ಜಿಗೆ ಕುಡಿಯುತ್ತ ತಿಳಿಸಿ ಹೇಳಿದರು. ಅವರ ಸೀಮೆಯಲ್ಲಿ ಗ್ರೀಟ್ ಎಂದರೆ ಅಳು. ಕೂಸು ಅವರ ಕಡೆ ಬೇರ್ನ್. ಅದೇ ದೇಶದ ಪಶ್ಚಿಮದವರ ಬಾಯಲ್ಲಿ ವೇನ್. ಗಾಬರಿಯಾದಾಗ ತವರಿನ ಮಾತೇ ಬಾಯಿಗೆ ಬರುತ್ತದೆ ಎಂದರು. ನನಗೂ ಹಾಗೆಯೇ ಎಂದೆ.

ಒಳಗೆ ಕೂಸಿನ ಅಳು ಜೋರಾಗಿತ್ತು. ನೆರೆಯಾಕೆ ಎತ್ತಿಕೊಂಡು ಸುಮ್ಮನಾಗಿಸಲು ಹೋದರೆ ಅತ್ತೆ ತಡೆದರು.

“ಬಿಡ್ರಿ, ಅಳಲಿ. ಇನ್ನಷ್ಟು ಕೇಳೋಣು.”

ಬಾಗಿಲ ಬಳಿ ಕೂತು ನಾವೆಲ್ಲ ಕೇಳಿದೆವು.